ಬೆಳಕಿನ ಲೆಕ್ಕ, ಹೆಸರಿನ ಲೋಪ: ಹವ್ಯಾಸಿ ಛಾಯಾಗ್ರಾಹಕರ ಚಿತ್ರವಿನಿಮಯವನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

ಹವ್ಯಾಸಿ ಛಾಯಾಗ್ರಾಹಕರು ತಾವು ಇತ್ತೀಚೆಗೆ ತೆಗೆದ ಚಿತ್ರಗಳನ್ನು ತಮ್ಮ ಬಳಗದವರ ಮುಂದಿಡುವಾಗ ಚಿತ್ರದ ಅಡಿಯಲ್ಲಿ ಒಂದು ಸಾಲನ್ನು ಬರೆಯುವ ರೂಢಿಯಿದೆ. ಕ್ಯಾಮೆರಾದ ಹೆಸರು, ಲೆನ್ಸಿನ ಅಳತೆ, ಅಪರ್ಚರ್, ಷಟರ್ ವೇಗ, ಐಎಸ್‌ಒ ಸಂಖ್ಯೆ ಇವು ಆ ಸಾಲಿನ ಘಟಕಗಳು. ಹೊರಗಿನವರಿಗೆ ಒಗಟಿನಂತೆ ತೋರುವ ಈ ಸಾಲು ಬಳಗದ ಒಳಗಿನವರಿಗೆ ಬಹಳಷ್ಟನ್ನು ಹೇಳುತ್ತದೆ. ಚಿತ್ರವನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆಯೂ ಈ ಅಂಕಿಗಳನ್ನು ಕುರಿತದ್ದೇ ಆಗಿರುತ್ತದೆ. ಕರಾವಳಿಯ ಕಂಬಳ ಮತ್ತು ಭೂತಕೋಲಗಳ ಚಿತ್ರಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಈ ಸಾಲು ಏನನ್ನು ದಾಖಲಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ, ಹಾಗೆ ಬಿಟ್ಟದ್ದರಿಂದ ಆಗುವ ನಷ್ಟ ಯಾರದು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಛಾಯಾಗ್ರಾಹಕರ ಬಳಗವೂ ಒಂದು ಜನಪದ

ಜನಪದವೆಂದರೆ ಹಳ್ಳಿಗರು, ಅನಕ್ಷರಸ್ಥರು ಎಂಬ ಹಳೆಯ ಕಲ್ಪನೆಯನ್ನು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಕೈಬಿಟ್ಟು, ಕನಿಷ್ಠ ಒಂದು ಸಮಾನ ಅಂಶದಿಂದ ಬಂಧಿತವಾದ ಯಾವ ಗುಂಪೂ ಜನಪದವೆನಿಸಬಲ್ಲದು ಎಂದು ಪ್ರತಿಪಾದಿಸಿದರು. ಈ ದೃಷ್ಟಿಯಿಂದ ನೋಡಿದರೆ ಹವ್ಯಾಸಿ ಛಾಯಾಗ್ರಾಹಕರದು ಸ್ಪಷ್ಟ ಲಕ್ಷಣಗಳುಳ್ಳ ಒಂದು ಜನಪದ ಗುಂಪು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ ಮೇಲೆ ರಾಸಾಯನಿಕಗಳ ಪರಿಚಯವಿಲ್ಲದವರೂ ಚಿತ್ರ ತೆಗೆಯುವುದು ಸಾಧ್ಯವಾಯಿತು. ಅಂದಿನಿಂದ ಸುಮ್ಮನೆ ಗುಂಡಿ ಒತ್ತುವವರು ಮತ್ತು ಬೆಳಕಿನ ಲೆಕ್ಕ ಬಲ್ಲವರು ಎಂಬ ಎರಡು ವರ್ಗಗಳು ಏರ್ಪಟ್ಟವು. ಎರಡನೆಯ ವರ್ಗದವರು ತಮ್ಮ ಅರಿವನ್ನು ಹಂಚಿಕೊಳ್ಳಲು ಸಂಘಗಳನ್ನು ಕಟ್ಟಿಕೊಂಡರು. ಭಾರತದಲ್ಲಿ ಇಂತಹ ಸಂಘಗಳ ಒಕ್ಕೂಟವಾದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಆರಂಭವಾಯಿತು.

ಇಂತಹ ಬಳಗಗಳಲ್ಲಿ ವಿದ್ಯೆ ಹರಿದುಬಂದದ್ದು ಪುಸ್ತಕಗಳ ಮೂಲಕ ಮಾತ್ರವಲ್ಲ. ಭಾನುವಾರದ ಸಂಚಾರ, ಕತ್ತಲೆ ಕೋಣೆಯ ಒಡನಾಟ, ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ನಡೆಸುವ ಚರ್ಚೆ ಇವು ಮೌಖಿಕ ಪರಂಪರೆಯ ತಾಣಗಳಾಗಿದ್ದವು. ಇಲ್ಲಿ ಗಾದೆಯ ಗುಣವುಳ್ಳ ಸೂತ್ರಗಳಿವೆ. ನಡುಹಗಲ ಬಿಸಿಲಿನಲ್ಲಿ ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಫಿಲಂ ಎಷ್ಟು ಐಎಸ್‌ಒ ಇದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಷಟರ್ ತೆರೆಯಬೇಕೆಂಬ ‘ಸನ್ನಿ ಸಿಕ್ಸ್‌ಟೀನ್’ ನಿಯಮ ಅಂತಹದು. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಅಳತೆ 200 ಮಿಲಿಮೀಟರ್ ಇದ್ದರೆ ಷಟರ್ ವೇಗ 1/200 ಸೆಕೆಂಡಿಗಿಂತ ನಿಧಾನವಾಗಬಾರದೆಂಬುದು ಇನ್ನೊಂದು. ಮಳೆ-ಬೆಳೆಯ ಗಾದೆಗಳಂತೆ ಇವು ಅನುಭವವನ್ನು ನೆನಪಿಡಬಹುದಾದ ಪುಟ್ಟ ರೂಪಕ್ಕೆ ಇಳಿಸಿವೆ. ಇವುಗಳ ಕರ್ತೃ ಯಾರೆಂದು ಬಳಗ ಕೇಳುವುದಿಲ್ಲ. ತಪ್ಪಿಹೋದ ಚಿತ್ರದ ಕಥೆಗಳು, ಕ್ಯಾಮೆರಾ ಕಂಪನಿಗಳ ಹೆಸರಿನಲ್ಲಿ ಏರ್ಪಡುವ ಒಳಪಂಗಡಗಳು, ಹೊಸಬರನ್ನು ಹಳಬರು ಪರೀಕ್ಷಿಸುವ ಬಗೆ ಇವೂ ಜಾನಪದ ಅಧ್ಯಯನಕ್ಕೆ ಯೋಗ್ಯವಾದ ಸಾಮಗ್ರಿಯೇ ಆಗಿವೆ.

2. ಅಳತೆ ಮತ್ತು ಹದ

ಅಂಕಿಗಳ ಸಾಲನ್ನು ಹಂಚಿಕೊಳ್ಳುವುದರ ಹಿಂದೆ ಒಂದು ಔದಾರ್ಯವಿದೆ. ಕಸುಬಿನ ಗುಟ್ಟನ್ನು ಬಚ್ಚಿಡುವ ಬದಲು ತೆರೆದಿಡುವ ಈ ನಡೆ ಮೆಚ್ಚತಕ್ಕದ್ದು. ಆದರೆ ಈ ಅಂಕಿಗಳಿಂದ ವಿದ್ಯೆ ಎಷ್ಟರಮಟ್ಟಿಗೆ ದಾಟುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಇದಕ್ಕೆ ಉತ್ತರಿಸಲು ನಮ್ಮ ಜನಪದರ ‘ಹದ’ ಎಂಬ ಪರಿಕಲ್ಪನೆ ನೆರವಾಗುತ್ತದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು ಕಬ್ಬಿನ ಹಾಲು ಎಷ್ಟು ಕೊಪ್ಪರಿಗೆ, ಸುಣ್ಣ ಎಷ್ಟು ಎಂದು ಹೇಳಬಲ್ಲ. ಪಾಕ ಬಂದ ಗಳಿಗೆಯನ್ನು ಮಾತ್ರ ಅವನು ನೊರೆಯ ಬಣ್ಣದಿಂದ, ನೂಲಿನ ಎಳೆಯಿಂದ, ವಾಸನೆಯಿಂದ ಗುರುತಿಸಬೇಕು. ಉಳುವವನಿಗೆ ನೆಲದ ಹದ, ಕುಂಬಾರನಿಗೆ ಮಣ್ಣಿನ ಹದ ಹಾಗೆಯೇ. ಅಳತೆಯನ್ನು ಹೇಳಿಕೊಡಬಹುದು, ಹದವನ್ನು ಜೊತೆಯಲ್ಲಿ ನಿಂತು ಕಲಿಯಬೇಕು. ಛಾಯಾಚಿತ್ರದ ಅಡಿಯ ಅಂಕಿಗಳು ಅಳತೆ ಮಾತ್ರ. ಮುಂಜಾನೆಯ ಮಂಜಿನಲ್ಲಿ ಒಬ್ಬನಿಗೆ ಒದಗಿದ ಎಫ್/4, 1/500 ಸೆಕೆಂಡ್ ಇನ್ನೊಬ್ಬನ ಊರಿನ ಮಧ್ಯಾಹ್ನಕ್ಕೆ ಸಲ್ಲದು. ಬೆಳಕು ಬೇರೆಯಾದೊಡನೆ ಅಂಕಿ ಬೇರೆಯಾಗಲೇಬೇಕು.

ಫಿಲಂ ಕಾಲದಲ್ಲಿ ಈ ಅಂಕಿಗಳನ್ನು ಹವ್ಯಾಸಿಗಳು ಜೇಬಿನ ಪುಸ್ತಕದಲ್ಲಿ ಕೈಯಾರೆ ಬರೆದಿಟ್ಟುಕೊಳ್ಳುತ್ತಿದ್ದರು. 36 ಚಿತ್ರಗಳ ರೋಲು ಮುಗಿದು ಸಂಸ್ಕರಣೆಯಾಗಿ ಬರುವಷ್ಟರಲ್ಲಿ ಯಾವುದಕ್ಕೆ ಯಾವ ಲೆಕ್ಕ ಬಳಸಿದ್ದೆಂಬುದು ಮರೆತುಹೋಗುತ್ತಿತ್ತು. ಹಾಗೆ ಬರೆಯುವಾಗ ಊರು, ದಿನ, ಮೋಡ ಮುಚ್ಚಿತ್ತೇ ಬಿಸಿಲಿತ್ತೇ ಎಂಬ ವಿವರಗಳೂ ಅದೇ ಪುಟವನ್ನು ಸೇರಲು ಅವಕಾಶವಿತ್ತು. ಜಪಾನಿನ ವಿದ್ಯುನ್ಮಾನ ಉದ್ಯಮಗಳ ಸಂಸ್ಥೆಯೊಂದು 1995ರಲ್ಲಿ ರೂಪಿಸಿದ ಎಕ್ಸಿಫ್ ಎಂಬ ಮಾನಕ ಬಳಕೆಗೆ ಬಂದ ಅನಂತರ ಈ ಕೆಲಸವನ್ನು ಕ್ಯಾಮೆರಾವೇ ವಹಿಸಿಕೊಂಡಿತು. ಅಪರ್ಚರ್, ಷಟರ್ ವೇಗ, ಐಎಸ್‌ಒ, ಲೆನ್ಸಿನ ಅಳತೆ, ದಿನಾಂಕ, ಗಂಟೆ-ನಿಮಿಷ, ಫ್ಲ್ಯಾಶ್ ಬಳಕೆಯಾಯಿತೇ ಇಲ್ಲವೇ ಎಂಬುದೆಲ್ಲ ಚಿತ್ರದ ಕಡತದೊಳಗೆ ತಾನಾಗಿ ಬರೆಯಲ್ಪಡುತ್ತದೆ. ಇದರ ಪರಿಣಾಮವನ್ನು ಗಮನಿಸಬೇಕು. ಯಂತ್ರ ಬರೆದದ್ದಷ್ಟೇ ಚಿತ್ರದ ವಿವರವೆಂಬ ಭಾವನೆ ಬೇರೂರಿತು. ಯಂತ್ರ ಬರೆಯಲಾರದ್ದನ್ನು ಬರೆಯುವ ಹೊಣೆ ಮನುಷ್ಯನದೇ ಎಂಬುದು ಮರೆಗೆ ಸರಿಯಿತು.

3. ಅಂಕಿಗಳಲ್ಲಿ ಅಡಗಿರುವ ಸಾಕ್ಷ್ಯ

ಇಷ್ಟಾದರೂ ಈ ಅಂಕಿಗಳನ್ನು ನಿರರ್ಥಕವೆಂದು ತಳ್ಳಿಹಾಕುವುದು ಸಲ್ಲದು. ಜಾನಪದ ಸಂಶೋಧಕರು ಇದುವರೆಗೆ ಗಮನಿಸದ ಒಂದು ಸಾಕ್ಷ್ಯ ಇವುಗಳಲ್ಲಿದೆ. ಅದು ಬೆಳಕಿನ ಸಾಕ್ಷ್ಯ.

ರಾತ್ರಿಯ ಕೋಲವೊಂದರ ಚಿತ್ರದ ಅಡಿಯಲ್ಲಿ ಎಫ್/2.8, 1/125 ಸೆಕೆಂಡ್, ಐಎಸ್‌ಒ 3200 ಎಂದಿದೆ ಎಂದು ಭಾವಿಸೋಣ. ನಡುಹಗಲಿನ ಎಫ್/16, 1/125, ಐಎಸ್‌ಒ 100 ಎಂಬ ಲೆಕ್ಕದೊಡನೆ ಇದನ್ನು ಹೋಲಿಸಿದರೆ ಅಪರ್ಚರಿನಲ್ಲಿ ಐದು, ಐಎಸ್‌ಒದಲ್ಲಿ ಐದು, ಒಟ್ಟು ಹತ್ತು ಮೆಟ್ಟಿಲುಗಳ ಅಂತರ ಕಾಣುತ್ತದೆ. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುವುದರಿಂದ, ಆ ಕೋಲದ ಕಳದಲ್ಲಿದ್ದ ಬೆಳಕು ನಡುಹಗಲ ಬಿಸಿಲಿನ 1,024ರಲ್ಲಿ ಒಂದು ಪಾಲು ಎಂದಾಗುತ್ತದೆ. ಒಂದೇ ಸ್ಥಾನದಲ್ಲಿ ವರ್ಷವರ್ಷವೂ ತೆಗೆದ ಚಿತ್ರಗಳ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ದೊಂದಿ, ಗ್ಯಾಸ್‌ಲೈಟು, ಟ್ಯೂಬ್‌ಲೈಟು, ಎಲ್‌ಇಡಿ ದೀಪಗಳ ನಡುವೆ ಆ ಆಚರಣೆ ಕಂಡ ಪಲ್ಲಟವನ್ನು ತಕ್ಕಮಟ್ಟಿಗೆ ಗುರುತಿಸಬಹುದು. ಮುಖವರ್ಣಿಕೆಯ ಹಳದಿ, ಕಪ್ಪು, ಕೆಂಪುಗಳು ಹಿಂದೆ ಅಲುಗಾಡುವ ಬೆಂಕಿಯ ಬೆಳಕಿಗೆ ತಕ್ಕವಾಗಿದ್ದವು. ಬೆಳ್ಳನೆಯ ಸ್ಥಿರ ದೀಪದಡಿ ಅವು ಬೇರೆಯಾಗಿ ಕಾಣುತ್ತವೆ. ಈ ಬದಲಾವಣೆಯ ಅಧ್ಯಯನಕ್ಕೆ ಹವ್ಯಾಸಿಗಳ ಅಂಕಿಗಳು ಅನಿರೀಕ್ಷಿತ ಆಕರಗಳಾಗಬಲ್ಲವು.

ಇಲ್ಲಿ ಎಚ್ಚರಿಕೆಯೂ ಬೇಕು. ಛಾಯಾಗ್ರಾಹಕ ಬೇಕೆಂದೇ ಚಿತ್ರವನ್ನು ಕಪ್ಪಾಗಿಸಿರಬಹುದು, ಫ್ಲ್ಯಾಶ್ ಬಳಸಿರಬಹುದು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸ್ಥಾನ, ಯಾವ ದೈವ, ಆಚರಣೆಯ ಯಾವ ಹಂತ ಎಂಬುದು ಗೊತ್ತಿಲ್ಲದಿದ್ದರೆ ಬೆಳಕಿನ ಅಂಕಿಯನ್ನು ಯಾವುದರೊಡನೆಯೂ ಹೋಲಿಸುವಂತಿಲ್ಲ. ಅಂಕಿಗೆ ಬೆಲೆ ಬರುವುದು ಸಂದರ್ಭದ ವಿವರ ಜೊತೆಗಿದ್ದಾಗ ಮಾತ್ರ.

4. ಕಂಬಳದ ಚಿತ್ರ: ಚೌಕಟ್ಟಿನ ಹೊರಗೆ ಉಳಿದದ್ದು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳ ಹವ್ಯಾಸಿಗಳಿಗೆ ಅತ್ಯಂತ ಪ್ರಿಯವಾದ ವಸು. ಓಡುವ ಜೋಡಿ ಕೋಣಗಳು, ಹಿಂದೆ ಬಾಗಿದ ಓಟಗಾರ, ಆಳೆತ್ತರಕ್ಕೆ ಮೀರಿ ಚಿಮ್ಮಿದ ಕೆಸರುನೀರು ಇಂತಹ ಚಿತ್ರ ಕರ್ನಾಟಕದ ಯಾವ ಛಾಯಾಚಿತ್ರ ಪ್ರದರ್ಶನಕ್ಕೂ ಅಪರಿಚಿತವಲ್ಲ. ನೀರಿನ ಹನಿಹನಿಯನ್ನೂ ನಿಲ್ಲಿಸಲು 1/1000 ಸೆಕೆಂಡಿಗಿಂತ ವೇಗದ ಷಟರನ್ನೂ, ಹಿನ್ನೆಲೆಯನ್ನು ಮಸುಕಾಗಿಸಲು ಉದ್ದನೆಯ ಲೆನ್ಸನ್ನೂ ಬಳಸುತ್ತಾರೆ. ಚಿತ್ರದ ಅಡಿಯಲ್ಲಿ ಆ ಅಂಕಿಗಳಿರುತ್ತವೆ. ಶೀರ್ಷಿಕೆಯಾಗಿ ಶಕ್ತಿ, ವೇಗ, ಸಾಹಸ ಎಂಬ ಅರ್ಥದ ಒಂದು ಪದವಿರುತ್ತದೆ.

ಡಂಡೆಸ್ 1964ರ ತಮ್ಮ ಲೇಖನದಲ್ಲಿ ಜಾನಪದ ಪ್ರಕಾರವೊಂದನ್ನು ಅರಿಯಲು ಅದರ ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನೂ ಗಮನಿಸಬೇಕೆಂದು ಹೇಳಿದ್ದರು. ಛಾಯಾಚಿತ್ರಕ್ಕೆ ಇದನ್ನು ಅನ್ವಯಿಸಿದರೆ ಅಂಕಿಗಳು ಚಿತ್ರದ ಹೆಣಿಗೆ, ಬಿಂಬವು ಪಠ್ಯ. ಮೂರನೆಯದಾದ ಸಂದರ್ಭ ಹವ್ಯಾಸಿಗಳ ಚಿತ್ರದಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ. ಇದರಿಂದ ಪಠ್ಯಕ್ಕೂ ಹೇಗೆ ಊನವಾಗುತ್ತದೆಂಬುದಕ್ಕೆ ಕನೆಹಲಗೆಯ ಓಟ ಒಳ್ಳೆಯ ನಿದರ್ಶನ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಮೊದಲ ಮೂರರಲ್ಲಿ ನಿರ್ಣಯವಾಗುವುದು ವೇಗ. ಕನೆಹಲಗೆಯಲ್ಲಿ ಹಾಗಲ್ಲ. ಓಟಗಾರ ಮೆಟ್ಟಿನಿಂತ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಕರೆಗೆ ಅಡ್ಡವಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ನಿಶಾನೆಯನ್ನು ಆರೂವರೆ ಕೋಲು, ಏಳೂವರೆ ಕೋಲು ಎಂಬ ಎತ್ತರಗಳಲ್ಲಿ ಕಟ್ಟುತ್ತಾರೆ. ಅಂದರೆ ಇಲ್ಲಿ ಚಿಮ್ಮುವ ನೀರು ಅಲಂಕಾರವಲ್ಲ, ಅದೇ ಸ್ಪರ್ಧೆಯ ಮಾನದಂಡ.

ಹವ್ಯಾಸಿಯ ಚೌಕಟ್ಟು ಸಾಮಾನ್ಯವಾಗಿ ಕೋಣಗಳ ಕಣ್ಣು ಮತ್ತು ನೀರಿನ ಗೋಡೆಗೆ ಹತ್ತಿರವಾಗುತ್ತದೆ. ಮೇಲಿನ ನಿಶಾನೆಯ ಬಟ್ಟೆ ಅಡಚಣೆಯೆನಿಸಿ ಕತ್ತರಿಸಲ್ಪಡುತ್ತದೆ. ಆಗ ನೀರು ಬರಿಯ ಸೊಬಗಾಗಿ ಉಳಿಯುತ್ತದೆ. ಅದು ಮುಟ್ಟಬೇಕಾಗಿದ್ದ ಗುರಿ ಚಿತ್ರದಲ್ಲಿಲ್ಲ. ಕಲೆಯ ದೃಷ್ಟಿಯಿಂದಲೂ ಇದು ಕೊರತೆಯೇ. ನೀರಿನ ತುದಿಗೂ ನಿಶಾನೆಗೂ ನಡುವೆ ಗೇಣಷ್ಟು ಉಳಿದ ಗಳಿಗೆಯಲ್ಲಿರುವ ಬಿಗಿ, ನಿಶಾನೆಯನ್ನು ಕತ್ತರಿಸಿದ ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಆಚರಣೆಯ ಅರಿವು ಇದ್ದವನಿಗೆ ಚೌಕಟ್ಟು ಕಟ್ಟುವ ಬಗೆಯೂ ಬೇರೆಯಾಗುತ್ತಿತ್ತು.

ಹೆಸರಿನ ವಿಷಯಕ್ಕೆ ಬಂದರೆ ಲೋಪ ಇನ್ನೂ ಎದ್ದುಕಾಣುತ್ತದೆ. ಕಂಬಳದ ಕಳ ಹೆಸರುಗಳಿಂದ ತುಂಬಿದ ಜಾಗ. ಕೋಣಗಳ ಯಜಮಾನ ಯಾರು, ಯಾವ ಮನೆತನದ್ದು, ಓಡಿಸುವವರು ಯಾರು, ಹಲಗೆ ಮೆಟ್ಟುವವರು ಯಾರು ಎಂಬುದನ್ನು ಧ್ವನಿವರ್ಧಕದಲ್ಲಿ ಸಾರುತ್ತಲೇ ಇರುತ್ತಾರೆ. ಕೋಣಗಳಿಗೂ ಹೆಸರುಗಳಿವೆ. ಮರುದಿನದ ಪತ್ರಿಕೆಗಳ ಫಲಿತಾಂಶದ ಪಟ್ಟಿಯಲ್ಲಿ ಗೆದ್ದ ಯಜಮಾನರೊಡನೆ ಓಡಿಸಿದವರ ಹೆಸರೂ ಅಚ್ಚಾಗುತ್ತದೆ. ಕರೆಯ ಪಕ್ಕದಲ್ಲಿ ಕುಳಿತ ಛಾಯಾಗ್ರಾಹಕನ ಕಿವಿಗೆ ಈ ಹೆಸರುಗಳು ಬಿದ್ದೇ ಬಿದ್ದಿರುತ್ತವೆ. ಅವನ ಚಿತ್ರದ ಅಡಿಯಲ್ಲಿ ಮಾತ್ರ ಅವು ಕಾಣುವುದಿಲ್ಲ, ಲೆನ್ಸಿನ ಹೆಸರು ಕಾಣುತ್ತದೆ. ಮಾಹಿತಿಯ ಅಭಾವದಿಂದ ಆದ ಲೋಪ ಇದಲ್ಲ. ಯಾವುದು ದಾಖಲೆಗೆ ಅರ್ಹ, ಯಾವುದು ಅಲ್ಲ ಎಂಬ ತೀರ್ಮಾನದಿಂದ ಆದದ್ದು.

5. ಕೋಲದ ಚಿತ್ರ: ಹೆಸರಿಸುವುದರ ಸೂಕ್ಷ್ಮ

ಹಾಗಾದರೆ ಎಲ್ಲ ಚಿತ್ರಗಳಿಗೂ ವ್ಯಕ್ತಿಯ ಹೆಸರನ್ನು ಸೇರಿಸಿಬಿಟ್ಟರೆ ಸಾಕೇ? ಭೂತಕೋಲದ ಸಂದರ್ಭ ಈ ಸರಳ ಪರಿಹಾರವನ್ನು ಒಪ್ಪುವುದಿಲ್ಲ. ನಲಿಕೆ, ಪರವ, ಪಂಬದ ಮುಂತಾದ ಸಮುದಾಯಗಳ ಪಾತ್ರಿಗಳು ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಬಣ್ಣ ಹಚ್ಚಿ, ತೆಂಗಿನ ತಿರಿಯ ಉಡುಗೆ ತೊಟ್ಟು, ಗಗ್ಗರ ಧರಿಸಿ, ಅಣಿ ಕಟ್ಟಿಕೊಳ್ಳುವವರೆಗೆ ಒಂದೊಂದೇ ಹಂತವನ್ನು ದಾಟುತ್ತಾರೆ. ದೈವದ ಆವಾಹನೆಯಾದ ಮೇಲೆ ಸಮುದಾಯದ ನಂಬಿಕೆಯಲ್ಲಿ ಅಲ್ಲಿರುವುದು ಪಾತ್ರಿಯಲ್ಲ, ದೈವ. ಆ ಗಳಿಗೆಯ ಚಿತ್ರಕ್ಕೆ ಪಾತ್ರಿಯ ಹೆಸರನ್ನು ಅಂಟಿಸುವುದು ನಂಬಿದವರಿಗೆ ಸರಿಯೆನಿಸದೆ ಇರಬಹುದು. ಅಲ್ಲಿ ಸಲ್ಲುವ ಹೆಸರು ದೈವದ್ದು ಮತ್ತು ಸ್ಥಾನದ್ದು. ಬಣ್ಣ ಹಚ್ಚುವ ಹಂತದ ಚಿತ್ರದಲ್ಲಿರುವವರು ನಿಸ್ಸಂದೇಹವಾಗಿ ಒಬ್ಬ ವ್ಯಕ್ತಿ. ಅವರಿಗೆ ಹೆಸರಿದೆ, ಕೇಳಿದರೆ ಹೇಳುತ್ತಾರೆ. ಬೇಡವೆಂದರೆ ಆ ಮಾತನ್ನೂ ಮನ್ನಿಸಬೇಕು.

ಹಂತಗಳ ಈ ಅರಿವಿಲ್ಲದೆ ಎಲ್ಲ ಚಿತ್ರಗಳನ್ನೂ ‘ಭೂತ ಕಲಾವಿದ’ ಎಂಬ ಒಂದೇ ತಲೆಬರಹದಡಿ ತರುವುದರಿಂದ ಎರಡು ತಪ್ಪುಗಳು ಒಟ್ಟಿಗೆ ಆಗುತ್ತವೆ. ದೈವವು ಕಲಾಪ್ರದರ್ಶನವಾಗುತ್ತದೆ, ವ್ಯಕ್ತಿಯು ಅನಾಮಿಕನಾಗುತ್ತಾನೆ. ಇದರ ಜೊತೆಗೆ, ಪಾತ್ರಿಯು ಸಿದ್ಧನಾಗುತ್ತಿರುವಾಗ ತೆಂಬರೆ ಬಡಿಯುತ್ತ ಪಾಡ್ದನ ಹೇಳುವ ಅವನ ಮನೆಯ ಹೆಣ್ಣುಮಕ್ಕಳು ಚೌಕಟ್ಟಿನಿಂದ ಸಂಪೂರ್ಣವಾಗಿ ಹೊರಗುಳಿಯುತ್ತಾರೆ. ಅವರಲ್ಲಿ ಬಣ್ಣವಿಲ್ಲ, ಚಲನೆಯಿಲ್ಲ, ಬೆಂಕಿಯಿಲ್ಲ. ಆ ದೈವದ ಹುಟ್ಟು, ಪ್ರಸರಣ, ಕಾರಣಿಕಗಳ ಕಥನವೆಲ್ಲ ಇರುವುದು ಅವರ ಕಂಠದಲ್ಲಿ. 2022ರಲ್ಲಿ ‘ಕಾಂತಾರ’ ಚಲನಚಿತ್ರ ತೆರೆಕಂಡ ಮೇಲೆ ದೈವಾರಾಧನೆಯ ಕುರಿತ ಕುತೂಹಲ ತುಳುನಾಡಿನ ಆಚೆಗೂ ಹಬ್ಬಿದೆ. ಚಿತ್ರ ತೆಗೆಯುವುದನ್ನು ಒಪ್ಪದ ಸ್ಥಾನಗಳೂ ಇವೆ. ಅನುಮತಿಯ ಪ್ರಶ್ನೆ ಈಗ ಹಿಂದೆಂದಿಗಿಂತಲೂ ಮುಖ್ಯವಾಗಿದೆ.

6. ಹೆಸರಿಲ್ಲದ ಚಿತ್ರಗಳ ಪರಂಪರೆ

ಅನಾಮಿಕತೆಯ ಈ ರೂಢಿ ಇಂದಿನದಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ವಸಾಹತುಶಾಹಿ ಯೋಜನೆಯಲ್ಲಿ ಮನುಷ್ಯರು ಬಹುಮಟ್ಟಿಗೆ ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಕಾಣಿಸಿಕೊಂಡರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲೂ ಚಿತ್ರದ ಕೆಳಗೆ ನಿಂತದ್ದು ಸಾಮಾನ್ಯವಾಗಿ ಸಮುದಾಯದ ಹೆಸರು. ಅಂದಿನ ಆಡಳಿತಗಾರನ ಉದ್ದೇಶವೂ ಇಂದಿನ ಹವ್ಯಾಸಿಯ ಉದ್ದೇಶವೂ ಒಂದೇ ಅಲ್ಲ. ಒಬ್ಬನದು ಆಳುವ ಅಗತ್ಯ, ಇನ್ನೊಬ್ಬನದು ಸೌಂದರ್ಯದ ಪ್ರೀತಿ. ಆದರೆ ‘ಬುಡಕಟ್ಟಿನ ಮಹಿಳೆ’, ‘ಜನಪದ ಕಲಾವಿದ’ ಎಂಬ ತಲೆಬರಹದಲ್ಲಿ ಇಬ್ಬರ ದಾರಿಯೂ ಕೂಡುತ್ತದೆ.

ನಮ್ಮ ಜಾನಪದ ಕ್ಷೇತ್ರವೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಆರಂಭದ ಎಷ್ಟೋ ಹಾಡುಗಳ ಸಂಗ್ರಹಗಳಲ್ಲಿ ಹಾಡಿದವರ ಹೆಸರುಗಳಿಲ್ಲ. ಜನಪದ ಸಾಹಿತ್ಯ ಅನಾಮಿಕ ಎಂಬ ಸಿದ್ಧಾಂತವೇ ಆ ಲೋಪಕ್ಕೆ ನೆಪವಾಯಿತು. ವಕ್ತೃವಿನ ಹೆಸರು, ವಯಸ್ಸು, ಊರು, ಕಲಿತ ಬಗೆ ಇವನ್ನು ದಾಖಲಿಸುವುದು ಕ್ಷೇತ್ರಕಾರ್ಯದ ಶಿಸ್ತಾಗಿ ನೆಲೆಗೊಂಡದ್ದು ಆಮೇಲೆ. ಈ ಹಾದಿಯನ್ನು ಕ್ರಮಿಸಿದ ಶಾಸ್ತ್ರಕ್ಕೆ ಛಾಯಾಗ್ರಾಹಕರೊಡನೆ ಮಾತನಾಡುವ ಅರ್ಹತೆಯೂ ಇದೆ, ಹೊಣೆಯೂ ಇದೆ.

ತಂತ್ರಜ್ಞಾನ ಮತ್ತು ಕಾನೂನುಗಳು ಈ ಅಸಮತೋಲನವನ್ನು ಸರಿಪಡಿಸಿಲ್ಲ. ಎಕ್ಸಿಫ್ ಮಾನಕದಲ್ಲಿ ‘ಆರ್ಟಿಸ್ಟ್’ ಎಂಬ ಒಂದು ಅಂಕಣವಿದೆ. ಅದು ಚಿತ್ರ ತೆಗೆದವನ ಹೆಸರಿಗೆ ಮೀಸಲು. ಚಿತ್ರದೊಳಗಿನ ಕಲಾವಿದನಿಗೆ ಅಲ್ಲಿ ಸ್ಥಾನವಿಲ್ಲ. ವಿವರಣೆ ಬರೆಯಲೆಂದಿರುವ ಅಂಕಣವು ಬಹುಕಾಲ ರೋಮನ್ ಅಕ್ಷರಗಳಿಗಷ್ಟೇ ಸೀಮಿತವಾಗಿತ್ತು. ಕನ್ನಡದಂತಹ ಲಿಪಿಗಳಿಗೆ ಅವಕಾಶ ಕೊಡುವ ಸಂಕೇತಕ್ರಮ ಆ ಮಾನಕದ ಇಂತಹ ಅಂಕಣಗಳಿಗೆ ಬಂದದ್ದು 2023ರ ಮೂರನೆಯ ಆವೃತ್ತಿಯಲ್ಲಿ. ಇನ್ನು 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಪ್ರದರ್ಶಕರ ಹಕ್ಕು 1994ರ ತಿದ್ದುಪಡಿಯಿಂದಲೂ, ತನ್ನ ಪ್ರದರ್ಶನಕ್ಕೆ ತನ್ನ ಹೆಸರನ್ನು ಕೇಳುವ ಹಕ್ಕು 2012ರ ತಿದ್ದುಪಡಿಯಿಂದಲೂ ಸೇರಿಕೊಂಡವು. ಆದರೆ ಆ ಕಾಯಿದೆಯಲ್ಲಿ ದೃಶ್ಯಮುದ್ರಣವೆಂದರೆ ಚಲಿಸುವ ಬಿಂಬಗಳ ದಾಖಲೆ. ಸ್ಥಿರಚಿತ್ರದ ಅಡಿಯಲ್ಲಿ ಪ್ರದರ್ಶಕನ ಹೆಸರು ಬರಬೇಕೆಂದು ಅದು ನೇರವಾಗಿ ಹೇಳುವುದಿಲ್ಲ. ಆದ್ದರಿಂದ ಇದು ಬಳಗದ ಸ್ವಂತ ನೀತಿಯಿಂದಲೇ ಆಗಬೇಕಾದ ಕೆಲಸ.

7. ಹಕ್ಕಿಗೆ ಸಂದ ಗೌರವ

ಹವ್ಯಾಸಿ ಸಂಶೋಧಕನಲ್ಲ, ಚಿತ್ರ ತಾನೇ ಮಾತನಾಡಬೇಕು, ವಿವರಣೆಯ ಭಾರ ಅದಕ್ಕೆ ಬೇಡ ಎಂಬ ಆಕ್ಷೇಪ ಇಲ್ಲಿ ಬರಬಹುದು. ಯಾವ ಸಾಲನ್ನೂ ಬರೆಯದವರ ವಿಷಯದಲ್ಲಿ ಈ ಆಕ್ಷೇಪಕ್ಕೆ ಬಲವಿದೆ. ಅಂಕಿಗಳ ಸಾಲನ್ನು ತಪ್ಪದೆ ಬರೆಯುವವರು ಚಿತ್ರಕ್ಕೆ ಮಾತಿನ ನೆರವು ಬೇಕೆಂಬುದನ್ನು ಆಗಲೇ ಒಪ್ಪಿದ್ದಾರೆ. ಉಳಿಯುವ ಪ್ರಶ್ನೆ ಆ ಸಾಲಿನಲ್ಲಿ ಯಾರಿಗೆ ಜಾಗ ಎಂಬುದಷ್ಟೇ.

ಇದಕ್ಕೆ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ, ಹವ್ಯಾಸಿಗಳ ಬಳಗದೊಳಗೇ ಅದಿದೆ. ಕರ್ನಾಟಕದಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರಿಂದ ಬೆಳೆದುಬಂದ ವನ್ಯಜೀವಿ ಛಾಯಾಗ್ರಹಣದ ಪರಂಪರೆಯಲ್ಲಿ ಚಿತ್ರದ ಜೀವಿಯನ್ನು ಸರಿಯಾಗಿ ಗುರುತಿಸುವುದು ಮೊದಲ ಶಿಸ್ತು. ಮೂಡಿಗೆರೆಯಲ್ಲಿ ನೆಲಸಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದಲ್ಲಿ ಹಕ್ಕಿಗಳ ಪುಸ್ತಕಗಳನ್ನು ಬರೆದಾಗ ಚಿತ್ರ ಮತ್ತು ಹೆಸರುಗಳನ್ನು ಬೇರ್ಪಡಿಸಲಿಲ್ಲ. ಹೆಸರು ತಪ್ಪಿದರೆ ತಿದ್ದುವ ಜಾಣರು ಪಕ್ಷಿವೀಕ್ಷಕರ ಪ್ರತಿ ಗುಂಪಿನಲ್ಲೂ ಇದ್ದಾರೆ. ಗಂಡೋ ಹೆಣ್ಣೋ ಮರಿಯೋ ಎಂಬುದನ್ನೂ ಅವರು ಗುರುತಿಸುತ್ತಾರೆ. ಗೂಡಿನ ಬಳಿ ಹೋಗಿ ಚಿತ್ರ ತೆಗೆಯಬಾರದು, ಅಪರೂಪದ ಹಕ್ಕಿಯ ನೆಲೆಯನ್ನು ಬಹಿರಂಗಪಡಿಸಬಾರದು ಎಂಬ ಸಂಯಮವೂ ಅಲ್ಲಿ ಬೆಳೆದಿದೆ. ಅದೇ ಛಾಯಾಗ್ರಾಹಕ ಅದೇ ಲೆನ್ಸಿನೊಡನೆ ಕಂಬಳದ ಕರೆಗೋ ಕೋಲದ ಕಳಕ್ಕೋ ಬಂದಾಗ ಈ ಶಿಸ್ತನ್ನು ಮರೆಯುತ್ತಾನೆ ಎಂಬುದು ವಿಷಾದದ ಸಂಗತಿ. ಮಿಂಚುಳ್ಳಿಯ ಜಾತಿಯನ್ನು ತಿಳಿಯಲು ಪಡುವ ಶ್ರಮದಲ್ಲಿ ಒಂದಂಶವನ್ನು ಓಟಗಾರನ ಹೆಸರನ್ನು ಕೇಳಲು ಪಟ್ಟರೆ ಸಾಕಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಬಹುದು. ಅಂಕಿಗಳ ಸಾಲು ಹಾಗೆಯೇ ಇರಲಿ. ಅದರ ಮೇಲೆ ಇನ್ನೊಂದು ಸಾಲು ಬರಲಿ: ಆಚರಣೆಯ ಸ್ಥಳೀಯ ಹೆಸರು, ಊರು, ಆಚರಣೆಯ ಹಂತ, ಬೆಳಕಿನ ಮೂಲ, ಒಪ್ಪಿಗೆಯಿದ್ದರೆ ವ್ಯಕ್ತಿಯ ಹೆಸರು. ಹೆಸರನ್ನು ಕನ್ನಡದಲ್ಲೂ ಬರೆಯುವುದು ಒಳ್ಳೆಯದು. ರೋಮನ್ ಲಿಪಿಯಲ್ಲಿ ಗುತ್ತು, ಗಗ್ಗರ, ಅಣಿ, ಕರೆ ಮೊದಲಾದ ಪದಗಳು ರೂಪಗೆಟ್ಟು ಮುಂದೆ ಹುಡುಕಲು ಸಿಗದಂತಾಗುತ್ತವೆ. ತೆಗೆದ ಚಿತ್ರದ ಒಂದು ಪ್ರತಿಯನ್ನು ಚಿತ್ರದಲ್ಲಿರುವವರಿಗೆ ತಲುಪಿಸುವುದು ಬಳಗದ ರೂಢಿಯಾಗಬೇಕು. ಪ್ರದರ್ಶನಗಳನ್ನು ಏರ್ಪಡಿಸುವ ಸಂಘಗಳು ಜನಜೀವನ ವಿಭಾಗದ ಪ್ರವೇಶಪತ್ರದಲ್ಲಿ ಈ ವಿವರಗಳಿಗೆ ಅಂಕಣವನ್ನು ಇಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಗ್ರಂಥಾಲಯ ಮತ್ತು ಸಂಶೋಧನ ಸಂಸ್ಥೆಗಳ ಪಾತ್ರವೂ ಇಲ್ಲಿದೆ. ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಗಳಂತಹ ಸಂಸ್ಥೆಗಳಿಗೆ ಕರ್ನಾಟಕದ ಎಲ್ಲ ಆಚರಣೆಗಳನ್ನು ವರ್ಷವರ್ಷವೂ ಚಿತ್ರೀಕರಿಸುವ ಜನಬಲ ಇರಲಾರದು. ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ, ಸ್ವಂತ ಪ್ರೀತಿಯಿಂದ ಆ ಕೆಲಸವನ್ನು ಮಾಡುತ್ತಲೇ ಇದ್ದಾರೆ. ಆ ಚಿತ್ರರಾಶಿಯು ಆಕರಸಾಮಗ್ರಿಯಾಗಬೇಕಾದರೆ ವಿವರಗಳು ಈಗಲೇ ಸೇರಬೇಕು. ಇಪ್ಪತ್ತು ವರ್ಷಗಳ ಅನಂತರ ಚಿತ್ರವೊಂದನ್ನು ತೆರೆದು ನೋಡುವ ಸಂಶೋಧಕನಿಗೆ ಯಾವ ಲೆನ್ಸಿನಿಂದ ಅದನ್ನು ತೆಗೆದರೆಂಬುದು ಕಡತದಿಂದಲೇ ತಿಳಿಯುತ್ತದೆ. ಹಲಗೆ ಮೆಟ್ಟಿದವರು ಯಾರು, ನೀರು ನಿಶಾನೆ ಮುಟ್ಟಿತೇ ಎಂಬುದನ್ನು ಬಲ್ಲವರು ಆ ದಿನ ಕರೆಯ ಪಕ್ಕದಲ್ಲಿದ್ದವರು ಮಾತ್ರ.